ಗಾಳಿ ಕಡಿಮೆ ಮಾಡಿದ ಮೇಲೆ ನೀರು ತಿಳಿಯಾಯಿತು

ಕೆಲವೇ ನೂರು ಮನೆಗಳ ಕೊಳಚೆ ನೀರು ಬರುವ ಒಂದು ಸಣ್ಣ ಎಸ್‌ಟಿಪಿಯನ್ನು, ಅಂದರೆ ಕೊಳಚೆ ನೀರು ಶುದ್ಧ ಮಾಡುವ ಘಟಕವನ್ನು, ನಾನು ನೋಡಿಕೊಳ್ಳುತ್ತೇನೆ. ಸಣ್ಣದು ಅಂದರೂ ಗಾಳಿ ಊದಿ ಬ್ಯಾಕ್ಟೀರಿಯಾ ಬೆಳೆಸುವ ಏರೇಷನ್ ಟ್ಯಾಂಕ್, ಆ ಬ್ಯಾಕ್ಟೀರಿಯಾಗಳ ಕೆಸರು ತಳಕ್ಕಿಳಿಯುವ ಕ್ಲಾರಿಫೈಯರ್, ಮರಳಿನ ಫಿಲ್ಟರ್, ರೋಗಾಣು ಕೊಲ್ಲುವ ಯುವಿ ದೀಪ ಎಲ್ಲ ಇದೆ. ಅಮೋನಿಯಾ, ನೈಟ್ರೇಟ್ ಎರಡನ್ನೂ ಇಳಿಸಬೇಕು. ದೊಡ್ಡ ಘಟಕಕ್ಕಿಂತ ಇಂಥದ್ದನ್ನು ನಡೆಸುವುದೇ ಕಷ್ಟ ಅಂದರೆ ಯಾರೂ ನಂಬುವುದಿಲ್ಲ. ಇಲ್ಲಿ ಬೆಳಗ್ಗೆ ಎಲ್ಲರೂ ಒಟ್ಟಿಗೆ ಸ್ನಾನಕ್ಕಿಳಿಯುತ್ತಾರೆ, ನಡುರಾತ್ರಿ ಹನಿ ನೀರೂ ಬರುವುದಿಲ್ಲ.

ಮೊದಲ ವರ್ಷ ಹೊರಹೋಗುವ ನೀರಿನಲ್ಲಿ ಅಮೋನಿಯಾ ಏರತೊಡಗಿತು. ಅದನ್ನು ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾಗಳಿಗೆ ಆಮ್ಲಜನಕ ಜಾಸ್ತಿ ಬೇಕು, ಒಂದು ಗ್ರಾಂ ಅಮೋನಿಯಾ ಸಾರಜನಕಕ್ಕೆ ಸುಮಾರು 4.6 ಗ್ರಾಂ. ನೀರಿನಲ್ಲಿ ಕರಗಿದ ಆಮ್ಲಜನಕ (ಡಿಒ) ಅಳೆಯುವ ಮೀಟರ್ ಲೀಟರಿಗೆ 0.6 ಮಿಲಿಗ್ರಾಂ ತೋರಿಸುತ್ತಿತ್ತು. 2ರ ಆಸುಪಾಸು ಇರಬೇಕು. ಸರಿ, ಗಾಳಿ ಊದುವ ಎರಡನೇ ಬ್ಲೋವರನ್ನೂ ಹಾಕಿದೆ. ವಾರ ಕಳೆದರೂ ಅಮೋನಿಯಾ ಜಗ್ಗಲಿಲ್ಲ. ಸಾಲದ್ದಕ್ಕೆ ಕ್ಲಾರಿಫೈಯರ್‌ನಲ್ಲಿ ಅಂಗೈ ಅಗಲದ ಕೆಸರಿನ ಹೆಪ್ಪುಗಳು ತೇಲಲು ಶುರುವಾದವು. ಫಿಲ್ಟರ್ ಪದೇ ಪದೇ ಕಟ್ಟಿಕೊಂಡಿತು. ನೀರು ಮಂಕಾದರೆ ಯುವಿ ದೀಪ ಉರಿದೂ ದಂಡ, ರೋಗಾಣುಗಳು ಕಣಗಳ ಮರೆಯಲ್ಲಿ ಕೂತುಬಿಡುತ್ತವೆ.

ಪರಿಚಯದವರೊಬ್ಬರು ಕೆಸರು ಜಾಸ್ತಿಯಾಗಿದೆ, ತೆಗೆದುಹಾಕಿ ಅಂದರು. ತೆಗೆದೆ. ಅಮೋನಿಯಾ ಇನ್ನೂ ಏರಿತು! ಈ ಬ್ಯಾಕ್ಟೀರಿಯಾಗಳು ಬೆಳೆಯುವುದು ಬಹಳ ನಿಧಾನ. ಕೆಸರಿನ ಜೊತೆ ಇದ್ದವನ್ನೂ ನಾನೇ ಹೊರಗೆ ಸುರಿದಿದ್ದೆ.

ಗುಟ್ಟು ಬಯಲಾಗಿದ್ದು ಮರೆವಿನಿಂದ. ದಿನಾ ಒಂದು ಲೀಟರ್ ಜಾರ್‌ನಲ್ಲಿ ಟ್ಯಾಂಕಿನ ನೀರು ತುಂಬಿ, ಅರ್ಧ ಗಂಟೆಗೆ ಕೆಸರು ಎಷ್ಟು ಕೆಳಗಿಳಿಯಿತು ಅಂತ ಬರೆದುಕೊಳ್ಳುತ್ತೇವೆ. ಅವತ್ತೂ ಚೆನ್ನಾಗಿಯೇ ಇಳಿದಿತ್ತು. ಅಷ್ಟರಲ್ಲಿ ಪಂಪಿಗೆ ಒದ್ದೆ ಟಿಶ್ಯೂ ಸುತ್ತಿಕೊಂಡು ನಿಂತುಹೋಯಿತು (ಅದರ ಕಥೆ ಬೇರೆಯೇ ಇದೆ ಬಿಡಿ), ನಾನು ಅತ್ತ ಓಡಿದೆ. ಒಂದೂವರೆ ಗಂಟೆ ಬಿಟ್ಟು ಬಂದು ನೋಡಿದರೆ ತಳದಲ್ಲಿದ್ದ ಕೆಸರು ಅಷ್ಟೂ ಇಡಿಯಾಗಿ ಮೇಲೆ ತೇಲುತ್ತಿದೆ, ಕೆಳಗೆ ತಿಳಿನೀರು! ಕಡ್ಡಿಯಿಂದ ಚುಚ್ಚಿದೆ. ಸಣ್ಣ ಸಣ್ಣ ಗುಳ್ಳೆಗಳು ಬುಳಬುಳ ಎದ್ದವು, ಕೆಸರು ಮತ್ತೆ ಮುಳುಗಿತು.

ಅದು ಸಾರಜನಕದ ಗುಳ್ಳೆ. ಆಮ್ಲಜನಕ ಇಲ್ಲದ ಕಡೆ ಬೇರೆ ಬ್ಯಾಕ್ಟೀರಿಯಾಗಳು ನೈಟ್ರೇಟ್ ಒಡೆದಾಗ ಏಳುವಂಥದ್ದು. ಅಂದರೆ ನೈಟ್ರೇಟ್ ಬೇಕಾದಷ್ಟಿದೆ, ಅದು ಟ್ಯಾಂಕಿನಲ್ಲಿ ಒಡೆಯುವ ಬದಲು ಕ್ಲಾರಿಫೈಯರ್‌ನಲ್ಲಿ ಒಡೆಯುತ್ತಿದೆ. ಹಾಗಾದರೆ ಗಾಳಿಗೆ ಬರವೇ ಇಲ್ಲ, ಅಲ್ವಾ? ಡಿಒ ಪ್ರೋಬ್ ಮೇಲೆತ್ತಿದೆ. ತುದಿಗೆ ಲೋಳೆ ಮೆತ್ತಿಕೊಂಡಿತ್ತು. ಬಟ್ಟೆಯಿಂದ ಒರೆಸಿ ಮತ್ತೆ ಇಳಿಬಿಟ್ಟರೆ 5 ದಾಟಿತು. ಪಿಎಚ್ ನೋಡಿದೆ, 6.2. ನೀರು ಆಮ್ಲೀಯವಾಗಿತ್ತು.

ಆಮೇಲೆ ಲೆಕ್ಕ ಹಾಕುತ್ತಾ ಕೂತೆ. ಒಂದು ಗ್ರಾಂ ಅಮೋನಿಯಾ ಸಾರಜನಕ ನೈಟ್ರೇಟ್ ಆಗುವಾಗ ಸುಮಾರು 7.1 ಗ್ರಾಂ ಆಲ್ಕಲಿನಿಟಿ, ಅಂದರೆ ನೀರಿನ ಪಿಎಚ್ ಬೀಳದಂತೆ ತಡೆಯುವ ಶಕ್ತಿ, ತಿಂದುಹಾಕುತ್ತದೆ. ನಮಗೆ ಲೀಟರಿಗೆ 40 ಮಿಲಿಗ್ರಾಂ ಅಮೋನಿಯಾ ಸಾರಜನಕ ಬರುತ್ತಿತ್ತು, ಅದಕ್ಕೆ 280 ಮಿಲಿಗ್ರಾಂಗೂ ಮೇಲೆ ಆಲ್ಕಲಿನಿಟಿ ಬೇಕು. ಒಳಬರುವ ನೀರಿನಲ್ಲಿ ಇದ್ದದ್ದೇ 220. ಅದು ಮುಗಿದ ಮೇಲೆ ಪಿಎಚ್ ಬಿತ್ತು, ಬ್ಯಾಕ್ಟೀರಿಯಾ ಮಂಕಾದವು, ಅಮೋನಿಯಾ ಹಾಗೇ ಉಳಿಯಿತು.

ನೈಟ್ರೇಟ್ ಒಡೆದಾಗ ತಿಂದದ್ದರಲ್ಲಿ ಅರ್ಧ ಆಲ್ಕಲಿನಿಟಿ ವಾಪಸ್ ಸಿಗುತ್ತದೆ. ಆದರೆ ಅದಕ್ಕೆ ಗಾಳಿ ನಿಲ್ಲಬೇಕು. ಎರಡು ಗಂಟೆ ಬ್ಲೋವರ್, ಒಂದು ಗಂಟೆ ಬಂದ್ ಅಂತ ಶುರು ಮಾಡಿದೆ. ಮೊದಲ ದಿನ ಕೈ ನಡುಗಿತು, ಸುಮ್ನೆ ಹೇಳುತ್ತಿಲ್ಲ. ಕೆಸರು ತಳ ಹಿಡಿಯದ ಹಾಗೆ ಒಂದು ಮಿಕ್ಸರ್ ಇಳಿಬಿಟ್ಟೆವು. ನೈಟ್ರೇಟ್ ಒಡೆಯುವ ಬ್ಯಾಕ್ಟೀರಿಯಾಗಳಿಗೆ ಹೊಸ ಕೊಳಚೆಯೇ ಆಹಾರ. ಹಾಗಾಗಿ ಬೆಳಗಿನ ನೀರು ನುಗ್ಗುವ ಹೊತ್ತಿಗೇ ಒಂದು ಬಂದ್ ಹೊಂದಿಸಿದೆ. ಉಳಿದ ಕೊರತೆಗೆ ಸೋಡಿಯಂ ಬೈಕಾರ್ಬೊನೇಟ್ ಹಾಕಿದೆವು.

ಪಿಎಚ್ ಬೇಗ ಏರಿತು. ಅಮೋನಿಯಾ ಇಳಿಯಲು ಮಾತ್ರ ತಿಂಗಳೇ ಹಿಡಿಯಿತು, ನಾನು ಹೊರಗೆ ಸುರಿದದ್ದು ಮತ್ತೆ ಬೆಳೆಯಬೇಕಿತ್ತಲ್ಲ. ಈಗ ಪ್ರೋಬ್ ಒರೆಸದೆ ಡಿಒ ಬರೆದುಕೊಳ್ಳುವುದಿಲ್ಲ. ಜಾರನ್ನು ಅರ್ಧ ಗಂಟೆಗೆ ಎತ್ತುವುದೂ ಇಲ್ಲ, ಎರಡು ಗಂಟೆ ಹಾಗೇ ಕಿಟಕಿ ಪಕ್ಕ ಬಿಟ್ಟಿರುತ್ತೇನೆ.