ಇನ್ಸುಲಿನ್ ಕೈಚೀಲದಲ್ಲೇ ಇರಲಿ

ಅಮ್ಮನನ್ನು ದುಬೈಯಲ್ಲಿರುವ ತಂಗಿಯ ಮನೆಗೆ ಕರೆದೊಯ್ದಾಗ ಕಲಿತದ್ದು ಇದು. ಇನ್ಸುಲಿನ್ ಪೆನ್ನನ್ನು ದೊಡ್ಡ ಸೂಟ್‌ಕೇಸಿನಲ್ಲಿಟ್ಟು ಲಗೇಜಿಗೆ ಕೊಡಬೇಡಿ. ವಿಮಾನದ ಹೊಟ್ಟೆಯ ಚಳಿಗೆ ಅದು ಹೆಪ್ಪುಗಟ್ಟಬಹುದು. ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದ ಮೇಲೂ ಬಳಸುವಂತಿಲ್ಲ. ಸೂಟ್‌ಕೇಸೇ ಬೇರೆ ಊರಿಗೆ ಹೋದರಂತೂ ಕೇಳುವುದೇ ಬೇಡ.

ಎಡವಟ್ಟು ಮಾಡಿದ್ದು ನಾನೇ. ಜಾಗ ಉಳಿಯಲೆಂದು ಮಾತ್ರೆಗಳನ್ನೆಲ್ಲ ಸ್ಟ್ರಿಪ್‌ನಿಂದ ಬಿಡಿಸಿ ಅಮ್ಮನ ಹಳೆಯ ಅಡಿಕೆ ಡಬ್ಬಿಗೆ ತುಂಬಿದ್ದೆ. ತಪಾಸಣೆಯಲ್ಲಿ ಡಬ್ಬಿ ತೆರೆಸಿದರು. ಬಿಳಿಯದು ಯಾವುದು, ಹಳದಿಯದು ಯಾವುದು ಎಂದರೆ ನನಗೆ ತಿಳಿಯದು; ಅಮ್ಮನೋ "ಇದು ಬೆಳಗಿನದು, ಅದು ರಾತ್ರಿಯದು" ಎನ್ನುತ್ತಾರೆ! ಮಾತ್ರೆಗಳು ಸ್ಟ್ರಿಪ್‌ನಲ್ಲೇ ಇರಲಿ. ಜೊತೆಗೆ ವೈದ್ಯರ ಚೀಟಿ ಬೇಕು. ಅದರಲ್ಲಿ ಬ್ರ್ಯಾಂಡಿನ ಹೆಸರಷ್ಟೇ ಸಾಲದು, ಔಷಧದ ಮೂಲ ಹೆಸರೂ ಇರಲಿ. ರೋಗಿಯ ಹೆಸರು ಪಾಸ್‌ಪೋರ್ಟಿನಲ್ಲಿರುವಂತೆಯೇ ಬರೆಸಿಕೊಳ್ಳಿ.

ವಿದೇಶ ಪ್ರಯಾಣದಲ್ಲಿ ಕೈಚೀಲದ ದ್ರವಗಳಿಗಿರುವ 100 ಮಿಲಿಲೀಟರ್ ಮಿತಿಯಿಂದ ಅಗತ್ಯ ಔಷಧಕ್ಕೆ ವಿನಾಯಿತಿ ಇದೆ. ಸಿರಪ್ ಬಾಟಲಿಯನ್ನು ನೀವೇ ಹೊರತೆಗೆದು ತೋರಿಸಿ. ಟ್ರಮಡಾಲ್, ಕೊಡೀನ್ ಇರುವ ನೋವಿನ ಮಾತ್ರೆ, ಕೆಮ್ಮಿನ ಸಿರಪ್ ಒಯ್ಯಲು ದುಬೈ ಇರುವ ಯುಎಇ ದೇಶದ ಸರ್ಕಾರದಿಂದ ಮುಂಗಡ ಅನುಮತಿ ಬೇಕು. ನಮ್ಮ ಬೀದಿಯ ಔಷಧದಂಗಡಿಯಲ್ಲಿ ಕೊಟ್ಟರೆಂಬ ಧೈರ್ಯ ಅಲ್ಲಿ ನಡೆಯುವುದಿಲ್ಲ.