ವಸೂಲಿ ಜೋರಾದ ವರ್ಷ ಪಂಚಾಯ್ತಿ ಬಜೆಟ್ ಹೀಗೆ ಹಾಕಿ

ಬಾಕಿ ವಸೂಲಿ ಅಭಿಯಾನ ಚೆನ್ನಾಗಿ ನಡೆದಾಗ, ಇಲ್ಲವೇ ಹುಬ್ಬಳ್ಳಿ ಸುತ್ತಿನ ಊರುಗಳಲ್ಲಿ ಹೊಸ ಲೇಔಟ್‌ಗಳ ಶುಲ್ಕ ಬಂದಾಗ ಸಭೆಯಲ್ಲಿ ಎರಡು ಮಾತು ಏಳುತ್ತವೆ: ಮನೆ ಕರ ಇಳಿಸಿ, ಹೊಸ ಸವಲತ್ತು ಕೊಡಿ. ಹೂಂ ಅನ್ನುವ ಮೊದಲು ಡಿಸಿಬಿ ವಹಿ (ಬೇಡಿಕೆ, ವಸೂಲಿ, ಬಾಕಿ ಬರೆದಿಡುವ ಪುಸ್ತಕ) ತೆರೆಯಿರಿ.

ವಸೂಲಿಯನ್ನು ಚಾಲ್ತಿ ಕರ, ಹಳೆ ಬಾಕಿ, ಒಂದೇ ಸಲದ ಶುಲ್ಕ ಎಂದು ಬಿಡಿಸಿ. ಲೆಕ್ಕಕ್ಕೆ 20 ಲಕ್ಷ ಬಂದಿದೆ ಎನ್ನಿ: ಚಾಲ್ತಿ 10, ಬಾಕಿ 6, ಶುಲ್ಕ 4. ಬರುವ ವರ್ಷಕ್ಕೆ ನಂಬಬಹುದಾದದ್ದು ಮೊದಲಿನ 10 ಮಾತ್ರ. ಅದನ್ನೂ ಹಿಂದಿನ ಐದು ವರ್ಷದ ಚಾಲ್ತಿ ವಸೂಲಿಯ ಜೊತೆ ತಾಳೆ ನೋಡಿ. ಅತಿ ಹೆಚ್ಚು ಬಂದ ವರ್ಷ ಬಿಟ್ಟು ಸರಾಸರಿ ತೆಗೆಯಿರಿ.

ಸ್ವಂತ ಆದಾಯದಲ್ಲಿ ಪರಿಶಿಷ್ಟ ಜಾತಿ, ಪಂಗಡದವರಿಗೆ 25%, ಅಂಗವಿಕಲರಿಗೆ 5% ಮೊದಲೇ ತೆಗೆದಿಡಬೇಕು. ಬಾಕಿ, ಶುಲ್ಕ ಸೇರಿ ಬಂದ ಹೆಚ್ಚುವರಿ 10 ಲಕ್ಷದಲ್ಲಿ ಕೈಗುಳಿಯುವುದು 7. ತಿಂಗಳಿಗೆ 12,000 ರೂಪಾಯಿಗೆ ಒಬ್ಬ ಹೊಸ ನೀರುಗಂಟಿಯನ್ನು ನೇಮಿಸಿದರೆ ವರ್ಷಕ್ಕೆ 1.44 ಲಕ್ಷ, ಐದನೇ ವರ್ಷ ಮುಗಿಯುವಷ್ಟರಲ್ಲಿ ಗಂಟು ಖಾಲಿ. ಆ ಮನುಷ್ಯ ಮಾತ್ರ ಆರನೇ ವರ್ಷವೂ ಸಂಬಳ ಕೇಳುತ್ತಾನೆ, ಕೇಳಲೇಬೇಕು. 15ನೇ ಹಣಕಾಸು ಆಯೋಗದ ಅನುದಾನದಲ್ಲಿ ಸಂಬಳ ಕೊಡಲು ಅವಕಾಶವೇ ಇರಲಿಲ್ಲ.

ಕರ ಇಳಿಸುವುದೂ ಖರ್ಚೇ, ರಸೀದಿ ಇಲ್ಲದ ಖರ್ಚು. 10% ಇಳಿಸಿದರೆ ವರ್ಷಾವರ್ಷ 1 ಲಕ್ಷ ಹೋಗುತ್ತದೆ, ಮತ್ತೆ ಏರಿಸಲು ಹೋದರೆ ಗ್ರಾಮಸಭೆಯಲ್ಲಿ ಜಗಳ. ಬಾಕಿ ಮನ್ನಾ ಇನ್ನೂ ಕೆಟ್ಟದ್ದು: ಕಟ್ಟಿದವರು ಪೆದ್ದರಾಗುತ್ತಾರೆ, ಮುಂದಿನ ಸಲ ಎಲ್ಲರೂ ಮನ್ನಾಕ್ಕೇ ಕಾಯುತ್ತಾರೆ. ಕೊಡಲೇಬೇಕೆಂದರೆ, ನಿಯಮ ಒಪ್ಪುವಷ್ಟು, ಬೇಗ ಕಟ್ಟಿದವರಿಗೆ ಆ ಒಂದು ವರ್ಷದ ರಿಯಾಯಿತಿ ಕೊಡಿ.

ದೊಡ್ಡ ಮಟ್ಟದಲ್ಲೂ ಇದೇ ಕಥೆ. ಜಿಎಸ್‌ಟಿ ಬಂದಾಗ ರಾಜ್ಯಗಳಿಗೆ 14% ವಾರ್ಷಿಕ ಬೆಳವಣಿಗೆಯ ಲೆಕ್ಕದಲ್ಲಿ ಪರಿಹಾರದ ಭರವಸೆ ಇತ್ತು. ಅದರ ಅವಧಿ ಐದೇ ವರ್ಷ, 2022ರ ಜೂನ್‌ಗೆ ಮುಗಿಯಿತು. ಅದನ್ನು ಕಾಯಂ ಆದಾಯವೆಂದು ಹಿಡಿದು ಹಾಕಿದ ಲೆಕ್ಕ ಜುಲೈನಲ್ಲೇ ತಪ್ಪುತ್ತಿತ್ತು.

ಹಾಗಾದರೆ 7 ಲಕ್ಷ ಎಲ್ಲಿಗೆ? ಮೊದಲು ಹೆಸ್ಕಾಂಗೆ ಕೊಡಬೇಕಾದ ಕರೆಂಟ್ ಬಿಲ್ ಬಾಕಿ. ಆಮೇಲೆ ತಿಂಗಳ ಖರ್ಚು ಇಳಿಸುವ ಕೆಲಸ: ಸೋರುವ ಪೈಪ್‌ಲೈನ್ ರಿಪೇರಿ, ಹಳೆ ಮೋಟಾರ್ ಬದಲಾವಣೆ, ಬೀದಿಗೆ ಎಲ್‌ಇಡಿ. ಉಳಿದದ್ದು ಮಳೆ ಕೈಕೊಟ್ಟ ವರ್ಷದ ಟ್ಯಾಂಕರ್ ನೀರಿಗೆ ಬ್ಯಾಂಕಿನಲ್ಲಿರಲಿ.

ಶುದ್ಧ ನೀರಿನ ಘಟಕದ ವಿಷಯದಲ್ಲಿ ಹುಷಾರು. ಕಟ್ಟುವುದು ಒಮ್ಮೆ ಆದರೂ ಫಿಲ್ಟರ್, ಮೆಂಬ್ರೇನ್, ಕರೆಂಟ್ ಬಿಲ್ ನಿಲ್ಲುವುದಿಲ್ಲ. ಈ ಖರ್ಚು ಚಾಲ್ತಿ ಕರದಲ್ಲೋ ನೀರಿನ ದರದಲ್ಲೋ ಕೂಡದಿದ್ದರೆ ಘಟಕಕ್ಕೆ ಬೀಗ ಬೀಳುತ್ತದೆ.

ಠರಾವಿನಲ್ಲಿ ಮೊತ್ತ, ಯಾವ ಪಾಲಿನ ಹಣ, ಯಾವ ಮಾರ್ಚ್ 31ಕ್ಕೆ ಮುಗಿತಾಯ, ಮೂರನ್ನೂ ಬರೆಸಿ. ಕೊನೆಯ ದಿನಾಂಕವಿಲ್ಲದ ರಿಯಾಯಿತಿಯನ್ನು ಮುಂದಿನ ಪಿಡಿಒ (ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ) ಕಾಯಂ ಎಂದೇ ಓದಿಕೊಳ್ಳುತ್ತಾರೆ.