ಸೋಲೊ ಆಮೇಲೆ, ಮೊದಲು ಒಂದು ಪೂರ್ತಿ ಹಾಡು

ಬೆಳಗಾವಿಯ ತಿಲಕವಾಡಿ, ಕ್ಯಾಂಪ್ ಕಡೆ ಹುಡುಗರ ಬಾಡಿಗೆ ರೂಮಿಗೆ ಹೋದರೆ ಮೂಲೆಯಲ್ಲೊಂದು ಗಿಟಾರ್ ಕಾಣುತ್ತದೆ. ನುಡಿಸಪ್ಪಾ ಅಂದರೆ ಈಗಲ್ಸ್ ತಂಡದ ‘ಹೋಟೆಲ್ ಕ್ಯಾಲಿಫೋರ್ನಿಯಾ’ ಹಾಡಿನ ಸೋಲೊ, ಅಂದರೆ ಗಾಯನವಿಲ್ಲದೆ ಗಿಟಾರ್ ಮುಂದೆ ಬಂದು ನುಡಿಯುವ ಭಾಗ, ಶುರುವಾಗುತ್ತದೆ. ಎರಡನೇ ಸಾಲಿಗೆ ತಪ್ಪುತ್ತದೆ. ಮತ್ತೆ ಮೊದಲಿಂದ. ಆ ಸೋಲೊ ನುಡಿಸಿದ್ದು ಡಾನ್ ಫೆಲ್ಡರ್ ಮತ್ತು ಜೋ ವಾಲ್ಶ್, ಇಬ್ಬರು ಕೈಪಳಗಿದವರು. ಕೊನೆಯಲ್ಲಿ ಎರಡೂ ಗಿಟಾರ್ ಜೋಡಿಯಾಗಿ ಓಡುತ್ತವೆ. ಹೊಸಬರು ಒಬ್ಬರೇ ಕೂತು ಅದಕ್ಕೇ ಕೈಹಾಕಿದರೆ ವರ್ಷ ಕಳೆದರೂ ಒಂದು ಹಾಡು ಪೂರ್ತಿ ಬರುವುದಿಲ್ಲ.

ಶುರು ಮಾಡಬೇಕಾದದ್ದು ಬಾಬ್ ಡಿಲನ್ 1973ರಲ್ಲಿ ಹಾಡಿದ ‘ನಾಕಿಂಗ್ ಆನ್ ಹೆವೆನ್ಸ್ ಡೋರ್’ನಿಂದ. ನಿಧಾನದ ಹಾಡು. ಜಿ, ಡಿ, ಎ ಮೈನರ್, ಸಿ: ನಾಲ್ಕೇ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು). ಹಾಡಿನುದ್ದಕ್ಕೂ ಅವೇ ಸುತ್ತುತ್ತವೆ.

ಹಂತ 1: ಗಿಟಾರ್. ಸ್ಟೀಲ್ ತಂತಿಯ ಸಾದಾ ಅಕೌಸ್ಟಿಕ್ ಸಾಕು. ಕೊಳ್ಳುವಾಗ 12ನೇ ಫ್ರೆಟ್ (ಗಿಟಾರ್ ಕತ್ತಿನ ಮೇಲಿನ ಅಡ್ಡ ಕಂಬಿ) ಹತ್ತಿರ ತಂತಿ ಎಷ್ಟು ಎತ್ತರ ಇದೆ ನೋಡಿ. 2.5ರಿಂದ 3 ಮಿಲಿಮೀಟರ್ ಇದ್ದರೆ ಸರಿ. ಐದಾರು ಇದ್ದರೆ ಒತ್ತಿ ಒತ್ತಿ ಬೆರಳು ಸೋಲುತ್ತದೆ, ಆಮೇಲೆ ಮನಸ್ಸೂ ಸೋಲುತ್ತದೆ. ಆಟಿಕೆಗಳ ಜೊತೆ ತೂಗುಹಾಕಿದ ಬಣ್ಣದ ಗಿಟಾರ್ ಬೇಡವೇ ಬೇಡ, ಅದರಲ್ಲಿ ಶ್ರುತಿ ನಿಲ್ಲುವುದಿಲ್ಲ. ಕಾರ್ಡ್ ಒತ್ತಲು ಗುಂಡಿ ಇರುವ ಪ್ಲಾಸ್ಟಿಕ್ ಡಬ್ಬಿಯೊಂದು ಆನ್‌ಲೈನ್‌ನಲ್ಲಿ ಸಿಗುತ್ತದೆ, ಆ ದುಡ್ಡಿಗೆ ಎರಡು ಸೆಟ್ ತಂತಿ ತನ್ನಿ. ಅತಿ ತೆಳು ತಂತಿ 0.010 ಇಂಚು ದಪ್ಪ ಇರುವ ಸೆಟ್ ಹೊಸಬರಿಗೆ ಹಗುರ. ನಮ್ಮೂರ ಮಳೆಗಾಲದಲ್ಲಿ ತಂತಿ ಬೇಗ ತುಕ್ಕು ಹಿಡಿಯುತ್ತದೆ. ನುಡಿಸಿದ ಮೇಲೆ ಒಣ ಬಟ್ಟೆಯಿಂದ ಒರೆಸಿಡಿ. ಕೊಬ್ಬರಿ ಎಣ್ಣೆ ಹಚ್ಚಿ ಅನ್ನುವವರ ಮಾತು ಕೇಳಬೇಡಿ.

ಹಂತ 2: ಶ್ರುತಿ. ದಪ್ಪ ತಂತಿಯಿಂದ ಇ, ಎ, ಡಿ, ಜಿ, ಬಿ, ಇ. ಮೊಬೈಲ್ ಆ್ಯಪ್ ಸಾಕು. ಗಣಪತಿ ಹಬ್ಬದಲ್ಲಿ ಗಲ್ಲಿಗಲ್ಲಿಗೆ ಸ್ಪೀಕರ್ ಹಚ್ಚಿದಾಗ ಮಾತ್ರ ಆ್ಯಪ್‌ಗೆ ಏನೂ ಕೇಳಿಸದು. ಆಗ ಗಿಟಾರ್ ತಲೆಗೆ ಕಚ್ಚಿಸುವ ಕ್ಲಿಪ್ ಟ್ಯೂನರ್ ಬೇಕು. ಅದು ಗಾಳಿಯ ಸದ್ದು ಕೇಳದೆ ಮರದ ನಡುಕ ಹಿಡಿಯುತ್ತದೆ.

ಹಂತ 3: ಬಲಗೈ. ಎಡಗೈ ಕಾರ್ಡ್ ಹುಡುಕುವಾಗ ಬಲಗೈಯೂ ನಿಂತುಬಿಡುತ್ತದೆ. ಬಹಳ ಜನ ಕೆಡುವುದು ಇಲ್ಲೇ. ಏಕಾದಶಿ ಭಜನೆಯಲ್ಲಿ ಹಾಡುವವರು ಪದ ಮರೆತರೆ ತಾಳ ಹಾಕುವವರು ನಿಲ್ಲಿಸ್ತಾರಾ? ಬಲಗೈಯೂ ಹಾಗೇ ನಡೆಯಬೇಕು. ಒಂದು, ಎರಡು, ಮೂರು, ನಾಲ್ಕು ಎಣಿಸಿ. ಪ್ರತಿ ಎಣಿಕೆಗೆ ಕೈ ಕೆಳಗೆ, ಎರಡು ಎಣಿಕೆಯ ನಡುವೆ ಮೇಲೆ. ಕೆಲವು ಸಲ ಪಿಕ್ (ತಂತಿ ಮೀಟುವ ತೆಳು ಬಿಲ್ಲೆ) ತಂತಿಗೆ ತಾಗದೆ ಹೋಗುತ್ತದೆ, ಹೋಗಲಿ. ಕೈ ಓಡಾಡುತ್ತಿದ್ದರೆ ಸಾಕು. ಎಡಗೈಯಿಂದ ತಂತಿಗಳನ್ನು ಸುಮ್ನೆ ಮುಟ್ಟಿ ಸದ್ದಡಗಿಸಿ, ಮೊದಲು ಇದನ್ನಷ್ಟೇ ಮಾಡಿ. ಪಿಕ್ 0.6 ಮಿಲಿಮೀಟರ್ ಆಸುಪಾಸಿನದಿರಲಿ. ದಪ್ಪ ಪಿಕ್ ತಂತಿಗೆ ಸಿಕ್ಕಿಕೊಳ್ಳುತ್ತದೆ.

ಹಂತ 4: ಕಾರ್ಡ್ ಬದಲಿಸುವುದು. ಇಲ್ಲಿ ಅವಸರ ಬೇಡ. ತೆಳು ತಂತಿ ಒಂದನೆಯದು, ದಪ್ಪದ್ದು ಆರನೆಯದು.

ಜಿ ಕಾರ್ಡನ್ನು ನಾಲ್ಕು ಬೆರಳಿನಿಂದಲೇ ಹಿಡಿಯಿರಿ. ನಡುಬೆರಳು ಆರನೇ ತಂತಿಯ 3ನೇ ಫ್ರೆಟ್, ತೋರುಬೆರಳು ಐದನೇ ತಂತಿಯ 2ನೇ ಫ್ರೆಟ್, ಉಂಗುರಬೆರಳು ಎರಡನೇ ತಂತಿಯ 3ನೇ ಫ್ರೆಟ್, ಕಿರುಬೆರಳು ಒಂದನೇ ತಂತಿಯ 3ನೇ ಫ್ರೆಟ್. ಮೂರು ಬೆರಳಿನ ಜಿ ಸುಲಭ ಅಂತ ಕಲಿಸುವವರು ಜಾಸ್ತಿ. ಮುಂದಿನ ಕಾರ್ಡಿಗೆ ಹೋಗುವಾಗ ಅದು ಕೈಕೊಡುತ್ತದೆ.

ಈಗ ಡಿ. ತೋರುಬೆರಳು ಮೂರನೇ ತಂತಿಯ 2ನೇ ಫ್ರೆಟ್‌ಗೆ, ನಡುಬೆರಳು ಒಂದನೇ ತಂತಿಯ 2ನೇ ಫ್ರೆಟ್‌ಗೆ. ಉಂಗುರಬೆರಳು? ಅದು ಇದ್ದಲ್ಲೇ ಇರುತ್ತದೆ! ಎತ್ತಬೇಡಿ. ಆ ಒಂದು ಬೆರಳು ಕದಲದಿದ್ದರೆ ಉಳಿದವು ದಾರಿ ತಪ್ಪುವುದಿಲ್ಲ. ಎ ಮೈನರ್‌ಗೆ ತೋರುಬೆರಳು ಎರಡನೇ ತಂತಿಯ 1ನೇ ಫ್ರೆಟ್, ನಡುಬೆರಳು ನಾಲ್ಕನೇ ತಂತಿಯ 2ನೇ ಫ್ರೆಟ್, ಉಂಗುರಬೆರಳು ಮೂರನೇ ತಂತಿಯ 2ನೇ ಫ್ರೆಟ್. ಅಲ್ಲಿಂದ ಸಿಗೆ ಹೋಗುವಾಗ ಜಿಯಿಂದ ಡಿಗೆ ಹೋದದ್ದರ ಉಲ್ಟಾ: ತೋರುಬೆರಳು, ನಡುಬೆರಳು ಕದಲುವುದಿಲ್ಲ, ಉಂಗುರಬೆರಳೊಂದೇ ಮೂರನೇ ತಂತಿಯಿಂದ ಐದನೇ ತಂತಿಯ 3ನೇ ಫ್ರೆಟ್‌ಗೆ ಹಾರುತ್ತದೆ. ಈ ಹಾಡಿನಲ್ಲಿ ಅವೆರಡು ಪಕ್ಕಪಕ್ಕ ಬರುವುದಿಲ್ಲ, ಆದರೂ ಕಲಿತಿಡಿ.

ಕಷ್ಟದ್ದು ಡಿಯಿಂದ ಎ ಮೈನರ್. ಮೂರೂ ಬೆರಳು ಏಳಬೇಕು. ಹೊಸಬರು ಕಾರ್ಡನ್ನು ಕೊನೇ ಕ್ಷಣದವರೆಗೆ ಹಿಡಿದು ಕೂರುತ್ತಾರೆ, ಮುಂದಿನ ಒಂದನೇ ಎಣಿಕೆ ಬಂದುಬಿಡುತ್ತದೆ. ಹಾಗೆ ಮಾಡದೆ ಕೊನೆಯ ಮೇಲ್ಮುಖದ ಹೊಡೆತಕ್ಕೆ ಮೊದಲೇ ಎಡಗೈ ಎತ್ತಿಬಿಡಿ. ಆ ಹೊಡೆತದಲ್ಲಿ ಖಾಲಿ ತಂತಿ ನುಡಿಯುತ್ತವೆ. ನುಡಿಯಲಿ. ಆರೂ ಖಾಲಿ ತಂತಿ ಜಿ ಸ್ಕೇಲ್‌ನ (ಈ ಹಾಡಿನ ಸ್ವರಶ್ರೇಣಿಯ) ಸ್ವರಗಳೇ, ಕಿವಿಗೆ ತಪ್ಪೆನಿಸುವುದಿಲ್ಲ. ಕೇಳುವವರಿಗೆ ಗೊತ್ತೂ ಆಗುವುದಿಲ್ಲ. ಒಂದನೇ ಎಣಿಕೆಗೆ ಒಂದೇ ಬೆರಳು ಊರಿದ್ದರೂ ಬಲಗೈ ಇಳಿಸಿ, ಉಳಿದ ಬೆರಳು ಆಮೇಲೆ ಬಂದು ಸೇರಿಕೊಳ್ಳಲಿ.

ಬೆರಳತುದಿ ಫ್ರೆಟ್ ಕಂಬಿಯ ಹಿಂದೆಯೇ ಇರಬೇಕು, ಕಂಬಿಯ ಮೇಲಲ್ಲ. ಎಡಗೈ ಉಗುರು ಕತ್ತರಿಸಿ.

ಹಂತ 5: ಹಾಡು. ಜಿಗೆ ಎರಡು ಎಣಿಕೆ, ಡಿಗೆ ಎರಡು, ಎ ಮೈನರ್‌ಗೆ ನಾಲ್ಕು. ಮತ್ತೆ ಜಿ ಎರಡು, ಡಿ ಎರಡು, ಸಿ ನಾಲ್ಕು. ತಪ್ಪಿದರೆ ನಿಲ್ಲಿಸಬೇಡಿ, ಹಿಂದೆ ಹೋಗಬೇಡಿ.

ರಾಕ್ ಅಂದಮೇಲೆ ರಿಫ್ (ಮತ್ತೆ ಮತ್ತೆ ಬರುವ ಗಿಟಾರ್ ತುಣುಕು) ಬೇಡವಾ ಅಂತೀರಾ? ಡೀಪ್ ಪರ್ಪಲ್ ತಂಡದ 1972ರ ‘ಸ್ಮೋಕ್ ಆನ್ ದ ವಾಟರ್’ ತಗೊಳ್ಳಿ. ನಾಲ್ಕನೇ ಮತ್ತು ಮೂರನೇ ತಂತಿ ಒಟ್ಟಿಗೆ (ಅಂಕಿ ಅಂದರೆ ಒತ್ತಬೇಕಾದ ಫ್ರೆಟ್, 0 ಅಂದರೆ ಖಾಲಿ ತಂತಿ): 0-3-5, 0-3-6-5, 0-3-5-3-0. ಒಂದೇ ತಂತಿಯಲ್ಲಿ ನುಡಿಸಿದರೆ ಆ ಭಾರ ಬರುವುದಿಲ್ಲ. ಪಿಕ್ ಕೆಳಗಿಟ್ಟು ಎರಡೂ ತಂತಿಯನ್ನು ಬೆರಳಿನಿಂದ ಒಂದೇ ಸಲ ಎಳೆಯಿರಿ, ಆ ತಂಡದಲ್ಲಿ ಅದನ್ನು ನುಡಿಸಿದ ಗಿಟಾರ್ ವಾದಕ ರಿಚಿ ಬ್ಲ್ಯಾಕ್‌ಮೋರ್ ನುಡಿಸುವುದೂ ಹಾಗೇ.

ತೋರುಬೆರಳನ್ನು ತಂತಿಗಳ ಮೇಲೆ ಅಡ್ಡ ಮಲಗಿಸಿ ಒತ್ತಬೇಕಾದ ಎಫ್ ಕಾರ್ಡ್ ಬರುವ ಹಾಡುಗಳನ್ನು ಸದ್ಯ ಮುಟ್ಟಬೇಡಿ.

ರೆಕಾರ್ಡ್ ಜೊತೆ ನುಡಿಸುವಾಗ ಒಂದು ಎಚ್ಚರ. ಡಿಲನ್ ಹಾಡನ್ನು ಗನ್ಸ್ ಎನ್ ರೋಸಸ್ ತಂಡವೂ ಹಾಡಿದೆ, ಹುಡುಗರು ಹಚ್ಚಿಕೊಳ್ಳುವುದು ಅದನ್ನೇ. ಆ ತಂಡ ಗಿಟಾರ್ ಅನ್ನು ಅರ್ಧ ಸ್ವರ ಕೆಳಗೆ ಇಳಿಸಿಕೊಂಡು ನುಡಿಸುತ್ತದೆ. ನಿಮ್ಮದು ಸರಿಯಾದ ಶ್ರುತಿಯಲ್ಲಿದ್ದರೂ ಅದರ ಜೊತೆ ಅಪಸ್ವರ ಬರುತ್ತದೆ. ಆರೂ ತಂತಿಯನ್ನು ಅರ್ಧ ಸ್ವರ ಸಡಿಲಿಸಿ, ಇಲ್ಲವೇ ಡಿಲನ್ ಹಾಡಿದ್ದನ್ನೇ ಹಚ್ಚಿಕೊಳ್ಳಿ.